ದೊಡ್ಡ ಕರುಳು ತೆಗೆದ ಮೇಲೂ ತಪಾಸಣೆ ಏಕೆ?

ನಮ್ಮ ಟ್ರಸ್ಟಿಗೆ ಆಪರೇಷನ್ ಖರ್ಚಿಗೆಂದು ಅರ್ಜಿಗಳು ಬರುತ್ತವೆ. ಆಪರೇಷನ್ ನಂತರದ ತಪಾಸಣೆಗೆ ನೆರವು ಕೇಳುವವರು ತೀರಾ ಕಡಿಮೆ. ವಂಶದಲ್ಲಿ ಹರಿದುಬರುವ ಒಂದು ಕರುಳಿನ ಕಾಯಿಲೆಯಲ್ಲಿ ಇದು ಅಪಾಯಕ್ಕೆ ದಾರಿ. ಆದ್ದರಿಂದ ಈ ಮಾತು.

ಎಫ್.ಎ.ಪಿ. ಎಂಬ ಈ ಕಾಯಿಲೆಗೆ ಎ.ಪಿ.ಸಿ. ಜೀನ್‌ನ ದೋಷ ಕಾರಣ. ಹದಿಹರೆಯದಲ್ಲೇ ದೊಡ್ಡ ಕರುಳಿನ ಒಳಗೆ ಪಾಲಿಪ್ ಎಂಬ ಸಣ್ಣ ಗಂಟುಗಳು ನೂರಾರು, ಕೆಲವರಲ್ಲಿ ಸಾವಿರಾರು ಏಳುತ್ತವೆ. ಹಾಗೇ ಬಿಟ್ಟರೆ ಹೆಚ್ಚಿನವರಿಗೆ 40 ವರ್ಷದ ಆಸುಪಾಸಿನಲ್ಲಿ ಕ್ಯಾನ್ಸರ್ ಆಗುತ್ತದೆ. ಅದಕ್ಕೇ ದೊಡ್ಡ ಕರುಳನ್ನು ಮೊದಲೇ ತೆಗೆಯುತ್ತಾರೆ. ಕೆಲವರಿಗೆ ಗುದನಾಳವನ್ನು ಉಳಿಸಿ ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ಉಳಿದವರಿಗೆ ಗುದನಾಳವನ್ನೂ ತೆಗೆದು, ಸಣ್ಣ ಕರುಳಿನ ತುದಿಯನ್ನೇ ಮಡಿಚಿ ಹೊಲಿದು ಚೀಲ ಮಾಡಿ ಗುದದ್ವಾರಕ್ಕೆ ಸೇರಿಸುತ್ತಾರೆ. ಈ ಚೀಲದ ವಿಧಾನವನ್ನು 1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೋಲ್ಸ್ ಪ್ರಕಟಿಸಿದರು.

ಕರುಳೇ ಹೋದ ಮೇಲೆ ಕ್ಯಾನ್ಸರ್ ಎಲ್ಲಿಂದ ಬರಬೇಕು ಎಂದು ಕೇಳುತ್ತಾರೆ. ಕೇಳುವುದು ಸಹಜ. ಆದರೆ ಜೀನ್‌ನ ದೋಷ ಮೈಯ ಎಲ್ಲ ಕಡೆಯೂ ಇದೆ, ಅದನ್ನು ಕತ್ತರಿಸಿ ತೆಗೆಯಲಾಗದು. ಉಳಿಸಿದ ಗುದನಾಳದಲ್ಲಿ ಹೊಸ ಗಂಟುಗಳು ಏಳುತ್ತವೆ. ಚೀಲ ಮಾಡಿದ್ದರೂ ಹೊಲಿಗೆಯ ಬಳಿ ಹಳೆಯ ಒಳಪದರದ ಸಣ್ಣ ಪಟ್ಟಿ ಉಳಿದಿರಬಹುದು. ವರ್ಷಗಳು ಕಳೆದಂತೆ ಚೀಲದಲ್ಲೇ ಪಾಲಿಪ್ ಬೆಳೆಯುವುದೂ ಉಂಟು. ಚೀಲದಲ್ಲಿ ಕ್ಯಾನ್ಸರ್ ಅಪರೂಪ, ನಿಜ. ಆದರೆ ಗಂಟು ನೋಯುವುದಿಲ್ಲ, ನೋವು ಬಂದಾಗ ನೋಡೋಣ ಎಂದರೆ ತಡವಾಗುತ್ತದೆ. ಗುದನಾಳ ಉಳಿದವರಿಗೆ ಸಾಮಾನ್ಯವಾಗಿ 6 ತಿಂಗಳಿಂದ 1 ವರ್ಷಕ್ಕೊಮ್ಮೆ, ಚೀಲದವರಿಗೆ 1ರಿಂದ 2 ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಬೇಕು. ಹೊಟ್ಟೆಯ ಮುಂದಿನ ಸಣ್ಣ ಕರುಳಿನ ಆರಂಭದಲ್ಲೂ ಗಂಟುಗಳಾಗುವುದರಿಂದ ಬಾಯಿಯ ಮೂಲಕವೂ ನೋಡಬೇಕು. ಇದನ್ನು ಮರೆಯುವವರೇ ಹೆಚ್ಚು.

ರಂಜಾನಿನ ಬಗ್ಗೆ ಒಂದು ಮಾತು. ದೊಡ್ಡ ಕರುಳಿಲ್ಲದವರ ಮೈಯಿಂದ ನೀರು, ಉಪ್ಪು ಬೇಗ ಹೋಗುತ್ತವೆ. ರೋಜಾ ಹಿಡಿಯುವ ಮುನ್ನ ವೈದ್ಯರನ್ನು ಕೇಳಿರಿ. ರೋಗಿಗೆ ದೀನ್‌ನಲ್ಲಿ ರಿಯಾಯಿತಿ ಇದ್ದೇ ಇದೆ.

ತಂದೆಗೋ ತಾಯಿಗೋ ಈ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಾಧ್ಯತೆ ಅರ್ಧದಷ್ಟು. ಮನೆಯವರಲ್ಲಿ ದೋಷ ಯಾವುದೆಂದು ಗೊತ್ತಾಗಿದ್ದರೆ ಮಕ್ಕಳಿಗೆ ರಕ್ತಪರೀಕ್ಷೆ ಸಾಕು. ದೋಷವಿಲ್ಲದ ಮಗುವಿಗೆ ಮತ್ತೆ ಮತ್ತೆ ಎಂಡೋಸ್ಕೋಪಿ ಬೇಡ. ದೋಷವಿದ್ದರೆ 10–12ನೇ ವಯಸ್ಸಿನಿಂದಲೇ ತಪಾಸಣೆ. ನಿಕಾಹ್ ಸಂಬಂಧ ತಪ್ಪೀತೆಂದು ಮುಚ್ಚಿಡುವ ಮನೆಗಳಿವೆ. ಅವರ ಭಯ ನಮಗೆ ಅರ್ಥವಾಗುತ್ತದೆ, ಆದರೆ ಮುಚ್ಚಿಟ್ಟದ್ದರ ಬೆಲೆ ಕೊಡುವವರು ಮಕ್ಕಳು.

ಇಂಥ ತಪಾಸಣೆಯ ಮತ್ತು ಪ್ರಯಾಣದ ಖರ್ಚಿಗೂ ವೈದ್ಯರ ಚೀಟಿಯೊಂದಿಗೆ ಅರ್ಜಿ ಸಲ್ಲಿಸಬಹುದು. ಅದನ್ನು ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಸೇರಿಸದೆ, ಬೇರೆ ಲಕೋಟೆಯಲ್ಲಿ ಮುಚ್ಚಿ ಕೊಡಿರಿ.