ಮುದ್ರೆಯಿಲ್ಲದ ಪದಕದ ಮೂಲಶೋಧನೆ

ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ 1813ರಲ್ಲಿ ಸ್ಥಾಪಿಸಿದ ‘ಕಬ್ಬಿಣದ ಶಿಲುಬೆ’ ಜರ್ಮನಿಯ ಸುಪ್ರಸಿದ್ಧ ಯುದ್ಧಪದಕ. 1939ರಲ್ಲಿ ಹಿಟ್ಲರನು ಅದನ್ನು ಪುನರಾರಂಭಿಸಿ, ನಡುವೆ ಸ್ವಸ್ತಿಕವನ್ನಿರಿಸಿದನು. ಯುದ್ಧಾನಂತರ ಆ ಚಿಹ್ನೆ ನಿಷಿದ್ಧವಾಯಿತು. 1957ರ ಜುಲೈ 26ರ ಕಾನೂನು ಪಶ್ಚಿಮ ಜರ್ಮನಿಯ ಮಾಜಿ ಯೋಧರಿಗೆ ಪದಕಧಾರಣೆಯ ಅನುಮತಿಯನ್ನಿತ್ತಿತು. ಆದರೆ ನಾತ್ಸಿ ಚಿಹ್ನೆ ಇರಕೂಡದೆಂದು ವಿಧಿಸಿತು. ಸ್ವಸ್ತಿಕದ ಎಡೆಯಲ್ಲಿ ಓಕ್ ಮರದ ಎಲೆಗಳು ಮೂಡಿದುದು ಹೀಗೆ.

ಲ್ಯೂಡೆನ್‌ಶೈಡ್ ಪಟ್ಟಣದ ‘ಷ್ಟೈನ್‌ಹಾವರ್ ಮತ್ತು ಲ್ಯೂಕ್’ ಈ ಹೊಸ ಮಾದರಿಯ ಪ್ರಮುಖ ತಯಾರಕ ಸಂಸ್ಥೆ. ಯುದ್ಧಕಾಲದ ಅನೇಕ ಪದಕಗಳಲ್ಲಿ ತಯಾರಕರ ಸಂಖ್ಯೆ ಒತ್ತಲ್ಪಟ್ಟಿದೆ. ಈ ಸಂಸ್ಥೆಯದು 4. ಆದರೆ 1957ರ ಮಾದರಿಗಳಲ್ಲಿ ಬಹಳಷ್ಟಕ್ಕೆ ಯಾವ ಮುದ್ರೆಯೂ ಇಲ್ಲ. ಅವುಗಳ ಮೂಲವನ್ನು ಅರಿಯುವುದೆಂತು?

ಕಾಲೋಲ್ಲೇಖವಿಲ್ಲದ ಶಿಲಾಶಾಸನವನ್ನು ವಿದ್ವಾಂಸರು ಲಿಪಿಯ ಬಾಗುಬಳುಕುಗಳಿಂದ ನಿರ್ಣಯಿಸುವಂತೆ, ಇಲ್ಲಿಯೂ ಅಂಕಿಗಳ ತಿರುವು, ಅಂಚಿನ ಗೀರುಗಳು, ಹಿಂಬದಿಯ ಸೂಜಿ ಹಾಗೂ ಕೀಲಿನ ರೂಪ ಇವೆಲ್ಲವನ್ನೂ ಪರೀಕ್ಷಿಸಬೇಕು. ಅಚ್ಚಿನಲ್ಲಿ ಬಿರುಕಿದ್ದರೆ ಅದರಿಂದ ಬಂದ ಪದಕಗಳಲ್ಲಿಯೂ ಅದು ಮೂಡುತ್ತದೆ. ಮುದ್ರೆಯುಳ್ಳ ಪದಕದ ದೋಷವೇ ಮುದ್ರೆಯಿಲ್ಲದುದರಲ್ಲಿಯೂ ಕಂಡರೆ ಎರಡೂ ಒಂದೇ ಅಚ್ಚಿನವೆನ್ನಬಹುದು. ಅಚ್ಚು ಕೈಬದಲಾಗಿರುವ ಸಂಭವವುಂಟಾದುದರಿಂದ ಒಂದೇ ಲಕ್ಷಣವನ್ನು ನಂಬಬಾರದು. ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣವಿದೆಯೆಂದಷ್ಟೇ ತಿಳಿಯುತ್ತದೆ. ತಯಾರಕನಾಗಲಿ ಕಾಲವಾಗಲಿ ತಿಳಿಯದು.

ಈ ಶ್ರಮವೇಕೆ? ಯುದ್ಧಾನಂತರ ಸ್ವಸ್ತಿಕಸಹಿತ ಪ್ರತಿಕೃತಿಗಳೂ ತಯಾರಾಗಿ, ಯುದ್ಧಕಾಲದವೆಂಬ ಹೆಸರಿನಲ್ಲಿ ಮಾರಾಟವಾಗಿವೆ. ಕೊಂಡವನಿಗೆ ಹಣ ಮಾತ್ರ ನಷ್ಟ. ಇತಿಹಾಸಕ್ಕಾದರೋ, ಸುಳ್ಳುಸಾಕ್ಷಿಯೊಂದು ಸೇರಿಕೊಂಡಂತೆ.