ಶಿಷ್ಯರನ್ನು ಊರಿನಲ್ಲಿ ನಿಲ್ಲಿಸಿದ ಗುರು

ಶಿಷ್ಯರು ದೂರದ ನಾಡುಗಳಲ್ಲಿ ಹೆಸರು ಗಳಿಸಿದರೆ ಗುರುವಿಗೆ ಅದು ಹೆಮ್ಮೆಯ ಸಂಗತಿ. ಆದರೆ ಅವರು ಊರು ಬಿಟ್ಟು ಹೋಗುವುದನ್ನೇ ಕೊರಗಾಗಿ ಹಚ್ಚಿಕೊಂಡ ಪ್ರಾಧ್ಯಾಪಕರೊಬ್ಬರು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದರು. ಅವರೇ ಫ್ರೆಡರಿಕ್ ಟರ್ಮನ್. ಇಂದು ಜಗತ್ತು ಸಿಲಿಕಾನ್ ಕಣಿವೆ ಎಂದು ಕರೆಯುವ ಪ್ರದೇಶದ ಹುಟ್ಟಿನಲ್ಲಿ ಆ ಕೊರಗಿನ ಪಾಲು ಸಣ್ಣದಲ್ಲ.

1900ರಲ್ಲಿ ಹುಟ್ಟಿದ ಟರ್ಮನ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರೊಬ್ಬರ ಮಗ. ಪೂರ್ವ ತೀರದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1924ರಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ಅಧ್ಯಾಪಕರಾಗಬೇಕೆಂದಿದ್ದರು. ಕ್ಷಯರೋಗ ಅವರನ್ನು ತವರಿನಲ್ಲಿ ಹಾಸಿಗೆ ಹಿಡಿಸಿತು. ಗುಣವಾಗುತ್ತ ಬಂದಂತೆ ಸ್ಟ್ಯಾನ್‌ಫರ್ಡಿನಲ್ಲಿ ಪಾಠ ಹೇಳತೊಡಗಿದರು. ಆಗ ಸಾಂಟಾ ಕ್ಲಾರಾ ಕಣಿವೆಯ ತುಂಬ ಹಣ್ಣಿನ ತೋಟಗಳು. ಎಂಜಿನಿಯರಿಂಗ್ ಓದಿದ ಹುಡುಗರಿಗೆ ಕೆಲಸ ಬೇಕಾದರೆ ಪೂರ್ವದ ದೊಡ್ಡ ಕಾರ್ಖಾನೆಗಳೇ ಗತಿ.

ಡೇವಿಡ್ ಪ್ಯಾಕರ್ಡ್ ಎಂಬ ಶಿಷ್ಯ ಹಾಗೆಯೇ ಹೊರಟುಹೋಗಿದ್ದ. 1938ರಲ್ಲಿ ಟರ್ಮನ್ ವಿದ್ಯಾರ್ಥಿವೇತನವೊಂದನ್ನು ಹೊಂದಿಸಿ ಅವನನ್ನು ಮರಳಿ ಕರೆಸಿಕೊಂಡರು. ಇನ್ನೊಬ್ಬ ಶಿಷ್ಯ ವಿಲಿಯಂ ಹ್ಯೂಲೆಟ್, ಧ್ವನಿ ಉಪಕರಣಗಳ ಪರೀಕ್ಷೆಗಾಗಿ ಶುದ್ಧ ಸ್ವರವನ್ನು ಹೊರಡಿಸುವ ಯಂತ್ರವೊಂದನ್ನು ರೂಪಿಸಿದ್ದ. ಅದರ ಜಾಣ್ಮೆಯೆಲ್ಲ ಒಂದು ಪುಟ್ಟ ವಿದ್ಯುದ್ದೀಪದಲ್ಲಿತ್ತು: ಸ್ವರದ ಬಲ ಹೆಚ್ಚಿದಾಗ ದೀಪದ ತಂತಿ ಕಾದು ಅದರ ವಿದ್ಯುತ್ ರೋಧ ಏರುತ್ತದೆ, ಆ ಏರಿಕೆಯೇ ಸ್ವರವನ್ನು ಹದದಲ್ಲಿಡುತ್ತದೆ. ಇದನ್ನು ಮಾರಿರೆಂದು ಗುರುಗಳು ಹುರಿದುಂಬಿಸಿದರು. ಪಾಲೊ ಆಲ್ಟೊದ ಕಾರು ನಿಲ್ಲಿಸುವ ಕೊಠಡಿಯೊಂದರಲ್ಲಿ, 538 ಡಾಲರುಗಳ ಬಂಡವಾಳದಿಂದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ತಲೆಯೆತ್ತಿತು. ಅವರ ಎಂಟು ಯಂತ್ರಗಳನ್ನು ಚಲನಚಿತ್ರಕಾರ ವಾಲ್ಟ್ ಡಿಸ್ನಿಯ ಸಂಸ್ಥೆ ಕೊಂಡಿತು.

ಎರಡನೆಯ ಮಹಾಯುದ್ಧದಲ್ಲಿ ಟರ್ಮನ್, ಶತ್ರುವಿನ ರೇಡಾರನ್ನು ಕುರುಡಾಗಿಸುವ ಸಂಶೋಧನಾಲಯದ ಮುಖ್ಯಸ್ಥರಾದರು. ಯುದ್ಧಾನಂತರವೂ ಸಂಶೋಧನೆಗೆ ಸರ್ಕಾರದ ಹಣ ಹರಿಯುವುದೆಂಬುದನ್ನು ಅಲ್ಲಿ ಕಂಡುಕೊಂಡರು. 1946ರಲ್ಲಿ ಸ್ಟ್ಯಾನ್‌ಫರ್ಡಿನ ಎಂಜಿನಿಯರಿಂಗ್ ವಿಭಾಗದ ಡೀನರಾಗಿ, ಆ ಹಣವನ್ನೂ ಪ್ರತಿಭಾವಂತರನ್ನೂ ಸೆಳೆದರು. ವಿಶ್ವವಿದ್ಯಾಲಯಕ್ಕೆ ಭೂಮಿ ಅಪಾರವಾಗಿತ್ತು. ದಾನಪತ್ರದ ಪ್ರಕಾರ ಅದನ್ನು ಮಾರುವಂತಿರಲಿಲ್ಲ, ಗುತ್ತಿಗೆಗೆ ಕೊಡಬಹುದಿತ್ತು. 1951ರಲ್ಲಿ ಅಲ್ಲಿ ಕೈಗಾರಿಕಾ ವಸಾಹತು ರೂಪುಗೊಂಡಾಗ ಮೊದಲು ನೆಲ ಹಿಡಿದದ್ದು ವೇರಿಯನ್ ಸಂಸ್ಥೆ. 1954ರಲ್ಲಿ ಆರಂಭವಾದ ಯೋಜನೆಯೊಂದು, ಕಾರ್ಖಾನೆಗಳ ಎಂಜಿನಿಯರರು ಕೆಲಸದಲ್ಲಿದ್ದುಕೊಂಡೇ ಉನ್ನತ ವ್ಯಾಸಂಗ ಮಾಡಲು ದಾರಿ ತೆರೆಯಿತು. ಹೀಗೆ ಪಾಠಶಾಲೆಗೂ ಕಾರ್ಯಾಗಾರಕ್ಕೂ ನಡುವಣ ಗೋಡೆಯಲ್ಲಿ ಬಾಗಿಲು ಮೂಡಿತು.

ಈ ಸಾಧನೆಗೆ ತೆತ್ತ ಬೆಲೆಯೂ ಉಂಟು. ಹಣ ಬಹುಪಾಲು ಸೈನ್ಯದಿಂದ ಬಂದಿತು. ಹೊರಗಿನಿಂದ ಧನ ತರಬಲ್ಲ ವಿಷಯಗಳಿಗೆ ಮನ್ನಣೆ ಹೆಚ್ಚಿ, ತರಲಾರದವು ಹಿಂದೆ ಸರಿದವು. ತೋಟಗಳು ಒಂದೊಂದಾಗಿ ಕಾಣೆಯಾದವು.

ಕಣಿವೆಯ ಕೀರ್ತಿಯನ್ನೆಲ್ಲ ಟರ್ಮನ್ ಒಬ್ಬರಿಗೇ ಕಟ್ಟುವುದೂ ನ್ಯಾಯವಲ್ಲ. ಸಿಲಿಕಾನನ್ನು ಅಲ್ಲಿಗೆ ತಂದವರು, 1956ರಲ್ಲಿ ಪ್ರಯೋಗಾಲಯ ತೆರೆದ ವಿಲಿಯಂ ಶಾಕ್ಲಿ. ಮರುವರ್ಷವೇ ಅವರನ್ನು ತೊರೆದ ಎಂಟು ಮಂದಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಸಂಸ್ಥೆಯನ್ನು ಕಟ್ಟಿದರು. 1965ರಲ್ಲಿ ನಿವೃತ್ತರಾದ ಮೇಲೆ ಟರ್ಮನ್, ನ್ಯೂಜೆರ್ಸಿಯಲ್ಲಿ ಇಂಥದೇ ವ್ಯವಸ್ಥೆಗೆ ನಕ್ಷೆ ಬರೆದುಕೊಟ್ಟರು. ಬೆಲ್ ಪ್ರಯೋಗಾಲಯದಂಥ ಹಿರಿಯ ಸಂಸ್ಥೆಗಳೂ ಧನವೂ ಇದ್ದ ಆ ನೆಲದಲ್ಲಿ ಸಂಸ್ಥೆಗಳು ಪರಸ್ಪರ ಕೂಡಿ ನಡೆಯಲಿಲ್ಲ. ನಕ್ಷೆ ಕಾಗದದಲ್ಲಿಯೇ ಉಳಿಯಿತು. ಅದೇ ದಕ್ಷಿಣ ಕೊರಿಯಾದಲ್ಲಿ, ಅವರ ಮಂಡಳಿ 1970ರಲ್ಲಿ ನೀಡಿದ ವರದಿಯ ಆಧಾರದ ಮೇಲೆ ಮರುವರ್ಷ ವಿಜ್ಞಾನ ಸಂಸ್ಥೆಯೊಂದು ಸ್ಥಾಪನೆಯಾಗಿ ಹೆಮ್ಮರವಾಯಿತು.

ಟರ್ಮನ್ 1982ರಲ್ಲಿ ತೀರಿಕೊಂಡರು. ಬೆಂಗಳೂರನ್ನು ನಮ್ಮ ಸಿಲಿಕಾನ್ ಕಣಿವೆ ಎಂದು ಕರೆದುಕೊಳ್ಳುವ ನಾವು ಈ ಎರಡು ಫಲಗಳನ್ನೂ ಒಟ್ಟಿಗೆ ನೆನೆಯುವುದು ಒಳಿತು. ಭೂಮಿ, ಕಟ್ಟಡ, ಬಂಡವಾಳಗಳನ್ನು ಒದಗಿಸಬಹುದು. ತನ್ನ ವಿದ್ಯಾರ್ಥಿಯ ಕೈಯ ಯಂತ್ರವನ್ನು ನೋಡಿ, ಇದು ಇಲ್ಲಿಯೇ ಬೆಳೆಯಲಿ ಎಂದು ಅವನ ಬೆನ್ನಿಗೆ ನಿಲ್ಲುವ ಗುರುವನ್ನು ಯಾವ ನಕ್ಷೆಯೂ ಒದಗಿಸಲಾರದು.