ಮನುಷ್ಯ ಮಾಡಿದ ಮೊದಲ ಮೂಲವಸ್ತು

ಚಿನ್ನ, ಕಬ್ಬಿಣ, ತಾಮ್ರ ಇವೆಲ್ಲ ಮೂಲವಸ್ತುಗಳು. ಇವು ಭೂಮಿಯಲ್ಲಿ ಸಿಗುತ್ತವೆ ಅಂತ ನಮಗೆಲ್ಲ ಗೊತ್ತು. ಆದರೆ ಮೊದಲು ಯಂತ್ರದಲ್ಲಿ ತಯಾರಾಗಿ ಆಮೇಲೆ ಗುರುತು ಸಿಕ್ಕ ಮೂಲವಸ್ತು ಒಂದಿದೆ. ಅದರ ಹೆಸರು ಟೆಕ್ನೀಶಿಯಂ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಕೃತಕವಾದದ್ದು.

ನಮ್ಮ ಹಾಜರಿ ಪುಸ್ತಕದ ಹಾಗೆ ಮೂಲವಸ್ತುಗಳಿಗೂ ನಂಬರ್ ಇದೆ. ಪರಮಾಣುವಿನೊಳಗೆ ಎಷ್ಟು ಪ್ರೋಟಾನ್ ಇದೆಯೋ ಅದೇ ಅದರ ನಂಬರ್. 42 ಮಾಲಿಬ್ಡಿನಂ, 44 ರುಥೇನಿಯಂ. ಮಧ್ಯದ 43 ಮಾತ್ರ ಗೈರುಹಾಜರಿ! ಅಲ್ಲಿ ಒಂದು ಇರಲೇಬೇಕು ಎಂದು ರಷ್ಯಾದ ಮೆಂಡಲೀವ್ 1871ರಲ್ಲೇ ಹೇಳಿದ್ದರು. 1925ರಲ್ಲಿ ಜರ್ಮನಿಯ ಮೂವರು ಸಿಕ್ಕಿತು ಎಂದು ಮಸೂರಿಯಂ ಅಂತ ಹೆಸರೂ ಇಟ್ಟುಬಿಟ್ಟರು. ಬೇರೆಯವರು ಹುಡುಕಿದರೆ ಸಿಗಲಿಲ್ಲ.

ಕೊನೆಗೆ ಸಿಕ್ಕಿದ್ದು ಒಂದು ಹಳೇ ತಗಡಿನಲ್ಲಿ. ಅಮೆರಿಕದ ಬರ್ಕ್ಲಿಯಲ್ಲಿ ಲಾರೆನ್ಸ್ ಎಂಬುವರು ಸೈಕ್ಲೋಟ್ರಾನ್ ಎಂಬ ಯಂತ್ರ ಕಟ್ಟಿದ್ದರು. ಅದು ಕಣಗಳನ್ನು ಗರಗರ ಸುತ್ತಿಸಿ ಕವಣೆಕಲ್ಲಿನ ಹಾಗೆ ಬೀಸುತ್ತದೆ. ಅದರೊಳಗಿದ್ದ ಮಾಲಿಬ್ಡಿನಂ ತಗಡಿಗೆ ಎಷ್ಟೋ ದಿನ ಏಟು ಬಿದ್ದಿತ್ತು. 1937ರಲ್ಲಿ ಲಾರೆನ್ಸ್ ಅದನ್ನು ಇಟಲಿಯ ಎಮಿಲಿಯೊ ಸೆಗ್ರೆಗೆ ಅಂಚೆಯಲ್ಲಿ ಕಳಿಸಿದರು. ಪಲೆರ್ಮೊ ಊರಿನಲ್ಲಿ ಸೆಗ್ರೆ ಮತ್ತು ಕಾರ್ಲೊ ಪೆರಿಯೆ ಅದನ್ನು ಪರೀಕ್ಷೆ ಮಾಡಿದರು. 42 ಪ್ರೋಟಾನ್ ಇದ್ದ ಕೆಲವು ಪರಮಾಣುಗಳು ಇನ್ನೊಂದನ್ನು ಸೇರಿಸಿಕೊಂಡು 43 ಆಗಿದ್ದವು! ಕಣ್ಣಿಗೆ ಕಾಣದಷ್ಟು ಸ್ವಲ್ಪ. ಅದರಿಂದ ಬರುವ ವಿಕಿರಣದಿಂದಲೇ ಗುರುತು ಹಿಡಿದರು. ನಾವು ಗುಜರಿಗೆ ಹಾಕುತ್ತಿದ್ದೆವೇನೋ.

ಇದು ಬೂದುಬಣ್ಣದ ಹೊಳೆಯುವ ಲೋಹ. ಕರಗಬೇಕಾದರೆ 2157 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಇದರಲ್ಲಿ ಹಲವು ಬಗೆ, ಎಲ್ಲವೂ ವಿಕಿರಣ ಬಿಡುತ್ತಾ ಸವೆಯುತ್ತವೆ. ಬಹಳ ಬಾಳುವ ಬಗೆಯೂ ಸುಮಾರು 42 ಲಕ್ಷ ವರ್ಷಕ್ಕೆ ಅರ್ಧವಾಗುತ್ತದೆ. ಭೂಮಿಗೆ ಸುಮಾರು 450 ಕೋಟಿ ವರ್ಷ. ಹಾಗಾಗಿ ಮೊದಲಿದ್ದದ್ದೆಲ್ಲ ಮುಗಿದುಹೋಯಿತು. ಯುರೇನಿಯಂ ಅದಿರಿನಲ್ಲಿ ಮಾತ್ರ ಚೂರೇ ಚೂರು ಹೊಸದಾಗಿ ಹುಟ್ಟುತ್ತಿರುತ್ತದೆ.

ಆಸ್ಪತ್ರೆಯಲ್ಲಿ ಬಳಸುವ ಬಗೆಯನ್ನು 1938ರಲ್ಲಿ ಸೆಗ್ರೆ ಮತ್ತು ಸೀಬೋರ್ಗ್ ಕಂಡುಹಿಡಿದರು. ಅದು 6 ಗಂಟೆಗೇ ಅರ್ಧವಾಗುತ್ತದೆ. ನಮ್ಮಜ್ಜಿಗೆ ಸೊಂಟದ ಎಲುಬು ನೋಡಲು ದೊಡ್ಡಾಸ್ಪತ್ರೆಯಲ್ಲಿ ಇದರ ಇಂಜೆಕ್ಷನ್ ಕೊಟ್ಟಿದ್ದರು. ಅದು ಎಲುಬಿಗೆ ಹೋಗಿ ಕೂರುತ್ತದೆ, ಹೊರಗಿನ ಕ್ಯಾಮರಾ ಅದರ ಕಿರಣ ಹಿಡಿದು ಚಿತ್ರ ಬರೆಯುತ್ತದೆ. ಇದು ಗೊತ್ತಾಗಿ ಬೀದಿಯವರು ಒಂದು ವಾರವಾದರೂ ಅಜ್ಜಿ ಹತ್ತಿರ ಕೂರಲಿಲ್ಲ. ಅಜ್ಜಿ ಜಗಲಿ ಮೇಲೆ ಒಬ್ಬರೇ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು. ನೀವೇ ಲೆಕ್ಕ ಮಾಡಿ. 16 ರೂಪಾಯಿ ಇದ್ದರೆ 6 ಗಂಟೆಗೆ 8, 12 ಗಂಟೆಗೆ 4, 18 ಗಂಟೆಗೆ 2, ಒಂದು ದಿನಕ್ಕೆ 1. ಮೂತ್ರದಲ್ಲಿ ಹೋಗುವುದು ಬೇರೆ. ಅವತ್ತು ಒಂದು ದಿನ ಎಳೇಮಕ್ಕಳು, ಬಸುರಿಯರು ದೂರ ಇರಲಿ, ನೀರು ಜಾಸ್ತಿ ಕುಡಿಯಿರಿ ಎಂದು ಆಸ್ಪತ್ರೆಯವರೇ ಹೇಳಿದ್ದರು. ವಾರಗಟ್ಟಲೆ ಹೆದರುವುದು ಯಾಕೆ?

ಇಷ್ಟು ಬೇಗ ಸವೆಯುವುದನ್ನು ಆಸ್ಪತ್ರೆಗೆ ಹೇಗೆ ತರುತ್ತಾರೆ ಅಂತ ನಾನು ಮೇಷ್ಟ್ರನ್ನು ಕೇಳಿದೆ. ಅದನ್ನು ತರುವುದಿಲ್ಲ, ಅದರ ತಾಯಿಯನ್ನು ತರುತ್ತಾರೆ! ತಾಯಿ ಎಂದರೆ 66 ಗಂಟೆಗೆ ಅರ್ಧವಾಗುವ ಒಂದು ಬಗೆಯ ಮಾಲಿಬ್ಡಿನಂ. ಅದನ್ನು ಸೀಸದ ಗೋಡೆಯ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಅದು ಸವೆದು ಟೆಕ್ನೀಶಿಯಂ ಆಗುತ್ತಿರುತ್ತದೆ. ಉಪ್ಪುನೀರು ಹಾಯಿಸಿದರೆ ಟೆಕ್ನೀಶಿಯಂ ಮಾತ್ರ ತೊಳೆದುಕೊಂಡು ಬರುತ್ತದೆ, ತಾಯಿ ಅಲ್ಲೇ ಉಳಿಯುತ್ತದೆ. ವಿಜ್ಞಾನಿಗಳು ಇದಕ್ಕೆ ಹಸು ಕರೆಯುವುದು ಅಂತಲೇ ಹೇಳುತ್ತಾರಂತೆ. ಇವತ್ತು ಕರೆದರೆ ನಾಳೆಗೆ ಮತ್ತೆ ಕೆಚ್ಚಲು ತುಂಬಿರುತ್ತದೆ. ಸುಮಾರು ಒಂದು ವಾರಕ್ಕೆ ಈ ಹಸು ಬತ್ತುತ್ತದೆ, ಆಗ ಹೊಸ ಡಬ್ಬಿ ತರಿಸುತ್ತಾರೆ.